ಉಂಡದ್ದು, ತಿಂದದ್ದು

ಮಧ್ಯಾಹ್ನ ಒಂದೂವರೆಗೆ ಕುಮಟೆಯ ಟೆಂಪೋ ಸ್ಟ್ಯಾಂಡಿನಲ್ಲಿ ಭಾಸ್ಕರನ ಜೇಬು ಗುಂಯ್ ಅನ್ನುವುದೂ, ಅದೇ ಹೊತ್ತಿಗೆ ಅಘನಾಶಿನಿ ಹೊಳೆಯಂಚಿನ ಮನೆಯ ಜಗಲಿಯಲ್ಲಿ ಅವನ ತಾಯಿ ಗಂಗಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುವುದೂ ಆ ಮನೆಯಲ್ಲಿ ಹೊತ್ತು ನೆತ್ತಿಗೆ ಬಂದಷ್ಟೇ ಸಹಜವಾದ ಸಂಗತಿ. ಎಪ್ಪತ್ತಾರು ವರ್ಷದ ಗಂಗಿ ಮೊಬೈಲಿನಲ್ಲಿ ಕಲಿತದ್ದು ಒಂದೇ ವಿದ್ಯೆ. ಒಂದನೇ ನಂಬರು ಒತ್ತಿ ಹಿಡಿದರೆ ಮಗ ಸಿಗುತ್ತಾನೆ.

"ಉಂಡ್ಯನಾ ಮಗಾ?"

"ಉಂಡೆ ಅವ್ವಿ."

"ಆತು."

ಮಾತು ಇಷ್ಟೇ. ಮೊಬೈಲು ಗೂಡಿಗೆ ಹೋಗುತ್ತಿತ್ತು, ಗಂಗಿ ಕೈ ತೊಳೆದು ಊಟಕ್ಕೆ ಕೂರುತ್ತಿದ್ದಳು. ಮಗ ಉಂಡ ಮೇಲೇ ಅವಳ ಊಟ. ಸೊಸೆ ಮಾಲತಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು, ಅತ್ತೆ ಇದೊಂದನ್ನು ತಪ್ಪಿಸಿದ್ದನ್ನು ಅವಳು ಕಂಡಿಲ್ಲ. ಮೊಬೈಲು ಬರುವ ಮೊದಲು ಮೂರು ಗಂಟೆಗೆ ಬರುವ ಮಗನಿಗಾಗಿ ಮೂರರವರೆಗೂ ಕಾಯುತ್ತಿದ್ದಳು. ಒಬ್ಬನೇ ಮಗ, ತಾಯಿಯ ಪ್ರೀತಿ, ಅಂತ ಮಾಲತಿ ತಿಳಿದಿದ್ದಳು. ಕೇಳುವಂಥದ್ದು ಎಂತದೂ ಅದರಲ್ಲಿ ಅವಳಿಗೆ ಕಂಡಿರಲಿಲ್ಲ.

ಆ ವರ್ಷ ಗಣೇಶ ಚೌತಿ ಕಳೆದು ಎರಡು ವಾರಕ್ಕೆ, ಮಾಲತಿ ಬೆಳಿಗ್ಗೆ ನೆಲ ಒರೆಸುವಾಗ ಅಡಿಗೆಮನೆಯಿಂದ ಬಚ್ಚಲಿನ ತನಕ ಸಣ್ಣ ಸಣ್ಣ ಕೆಂಪು ಚುಕ್ಕೆ ಕಂಡವು. ಕುಂಕುಮ ಚೆಲ್ಲಿತೋ ಅಂತ ನೋಡಿದರೆ ಕುಂಕುಮವಲ್ಲ. ಗಂಡನ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಎಂಟಾಣೆಯಷ್ಟು ಅಗಲದ ಹುಣ್ಣು. ಟೆಂಪೋದ ಕ್ಲಚ್ಚು ತುಳಿಯುವ ಕಾಲು. ಚಪ್ಪಲಿ ಕಚ್ಚಿ ಎಷ್ಟು ದಿನವಾಗಿತ್ತೋ.

"ನೋವಿಲ್ವಾ?"

"ಇಲ್ಲ ಮಾರಾಯ್ತಿ. ನೀ ಹೇಳಿದ ಮೇಲೇ ಗೊತ್ತಾದ್ದು."

ನೋವಿಲ್ಲ ಅಂದದ್ದಕ್ಕೇ ಮಾಲತಿ ಹೆದರಿದ್ದು. ಮಾವ ಮಾಸ್ತಿಯದ್ದೂ ಹೀಗೇ ಶುರುವಾದದ್ದು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ಕೆಳಗೆ ಪೂರ್ತಿ. ಮೂರು ವರ್ಷ ಭಾಸ್ಕರ ಅಪ್ಪನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ದಿದ್ದ. ಮಗಳು ಧನ್ಯಾ ಕುಮಟೆಯ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುವವಳು. ಅವತ್ತೇ ಅಪ್ಪನ ರಕ್ತ ತೆಗೆದುಕೊಂಡು ಹೋದಳು. ಸಂಜೆ ಚೀಟಿ ತಂದು ಮೇಜಿನ ಮೇಲಿಟ್ಟಳು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮುನ್ನೂರ ಹನ್ನೆರಡು.

ಭಾಸ್ಕರ ಆ ಚೀಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

ಭಾನುವಾರ ಹೊನ್ನಾವರದಿಂದ ಭಾಸ್ಕರನ ಅಕ್ಕನ ಮಗ ಪ್ರದೀಪ ಬೈಕಿನ ಮೇಲೆ ಬಂದ. ಅಲ್ಲಿ ಜಿಮ್ ನಡೆಸುವವನು, ತೋಳು ಒಂದೊಂದು ತೆಂಗಿನಕಾಯಿ. ಬರುವಾಗ ಭಟ್ಕಳದಿಂದ ತರಿಸಿದ ಎರಡು ಕಿಲೋ ಕುರಿ ಮಾಂಸ ಕಟ್ಟಿಕೊಂಡು ಬಂದಿದ್ದ.

"ಮಾಮ, ನಿನ್ನ ವೈರಿ ಸಕ್ಕರೆ ಅಲ್ಲ, ಅನ್ನ," ಅಂದ. "ಅನ್ನ ಹೊಟ್ಟೆಗೆ ಹೋದ್ರೆ ಸಕ್ಕರೆಯೇ. ಅನ್ನ, ರೊಟ್ಟಿ, ಬಾಳೆಹಣ್ಣು, ಗೆಣಸು ಎಲ್ಲ ಬಂದ್. ಬರೀ ಮಾಂಸ, ಮೀನು, ಮೊಟ್ಟೆ, ಉಪ್ಪು. ಮೂರು ತಿಂಗಳು ಮಾಡಿ ನೋಡು. ಎಷ್ಟೋ ದೊಡ್ಡ ದೊಡ್ಡ ಡಾಕ್ಟ್ರೇ ವಿಡಿಯೋದಲ್ಲಿ ಹೇಳ್ತ್ರು."

"ಅದೇ ವಿಡಿಯೋದ ಕೆಳಗೆ ಇನ್ನೊಬ್ಬ ಡಾಕ್ಟ್ರು ಬೈದದ್ದೂ ಉಂಟು, ಅದನ್ನೂ ತೋರಿಸು ಭಾವ," ಧನ್ಯಾ ಒಳಗಿಂದಲೇ ಹೇಳಿದಳು. "ಕಿಡ್ನಿಗೆ ಎಂತ ಆಗ್ತದೆ? ಕೊಬ್ಬು ಎಂತ ಆಗ್ತದೆ? ಸೊಪ್ಪು ತರಕಾರಿ ಎಂತ ಪಾಪ ಮಾಡಿತು?"

"ಸಿಂಹ ಸೊಪ್ಪು ತಿಂತದಾ? ಅನ್ನ ಉಣ್ತದಾ? ಅದಕ್ಕೆ ಶುಗರ್ ಉಂಟಾ?"

ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಗಂಗಿ ಕುಟ್ಟುವುದನ್ನು ನಿಲ್ಲಿಸಿದಳು. "ಸಿಂಹ ಟೆಂಪೋ ಹೊಡಿತದನಾ?"

ಭಾಸ್ಕರನೂ ನಕ್ಕುಬಿಟ್ಟ. ಆದರೆ ಪ್ರದೀಪ ಬಿಡುವವನಲ್ಲ. "ಅಜ್ಜಿ, ನಿಂದೇ ಗದ್ದೆ ಅಕ್ಕಿ, ನಿಂಗೆ ಬೇಜಾರು ಬರ್ತದೆ. ಆದ್ರೆ ಹೇಳಬೇಕಾದ್ದು ಹೇಳ್ಬೇಕಲ್ಲ."

ಗದ್ದೆ ಅಂದರೆ ಹೊಳೆ ಬದಿಯ ಗಜನಿ. ಕಡಲು ಉಬ್ಬುವ ಭರತದಲ್ಲಿ ಉಪ್ಪುನೀರು ನುಗ್ಗುವ ತುಂಡು ನೆಲ. ಅಲ್ಲಿ ಬೆಳೆಯುವುದು ಕಗ್ಗ ಭತ್ತವೊಂದೇ. ಬೇರೆ ಪೈರು ಕರಗಿಹೋಗುವ ಉಪ್ಪಿನಲ್ಲಿ ಅದು ಸೊಂಟದವರೆಗೆ ಮುಳುಗಿ ನಿಂತು ಕೆಂಪಗೆ ತೆನೆ ಬಿಡುತ್ತದೆ. ಕೊಯ್ಲು ಮುಗಿದರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು.

"ನಂಗೆಂತ ಬೇಜಾರು?" ಗಂಗಿ ಹೇಳಿದಳು. "ಗದ್ದೆ ಅಕ್ಕಿನೂ ಕೊಡ್ತದೆ, ಮೀನೂ ಕೊಡ್ತದೆ. ಅದು ಜಗಳ ಮಾಡುದಿಲ್ಲ. ನೀವು ಮಾಡ್ಕಣಿ."

ಭಾಸ್ಕರ ಯಾರ ಮುಖವನ್ನೂ ನೋಡದೆ ಹೇಳಿದ. "ನಂಗೆ ಕಾಲು ಬೇಕು. ನಾಳೆಯಿಂದ ಅನ್ನ ಹಾಕ್ಬೇಡ ಮಾಲತಿ."

ಮರುದಿನದಿಂದ ಮಾಲತಿಗೆ ಒಂದೇ ಒಲೆಯಲ್ಲಿ ಎರಡು ಮನೆಯ ಅಡಿಗೆ. ಬೆಳಿಗ್ಗೆ ಐದಕ್ಕೆ ಎದ್ದು ಗಂಡನಿಗೆ ನಾಲ್ಕು ಮೊಟ್ಟೆ, ಡಬ್ಬಿಗೆ ಬರೀ ಉಪ್ಪು ಹಾಕಿ ಬೇಯಿಸಿದ ಕೋಳಿ. ಆಮೇಲೆ ಉಳಿದವರಿಗೆ ಗಂಜಿ, ಅನ್ನ, ಸಾರು. ಅಷ್ಟು ಮುಗಿಸಿ ಅವಳು ಒಂಬತ್ತಕ್ಕೆ ಗೇರುಬೀಜದ ಕಾರ್ಖಾನೆಗೆ ಓಡಬೇಕು. ಸಂಜೆ ಬಂದು ಮತ್ತೆ ಮೀನು. ಕಾಯಿ ಹಾಕುವ ಹಾಗಿಲ್ಲ, ಹುಣಸೆ, ವಾಟೆಹುಳಿ ಹಾಕುವ ಹಾಗಿಲ್ಲ, ಮೆಣಸೂ ಬೇಡವಂತೆ. ಹುಳಿಯಿಲ್ಲದ ಬಂಗಡೆಯ ವಾಸನೆ ಅಡಿಗೆಮನೆಯ ಗೋಡೆಗೆ ಹತ್ತಿತು.

"ಕೊಕ್ಕರೆ ಹಾಂಗೆ ಆತು ನಿನ್ನ ಗಂಡಂದು," ಅಂದಳು ಗಂಗಿ. "ಅದೂ ಹೀಂಗೇ, ಹಿಡಿತು, ನುಂಗಿತು."

ಮೊದಲ ವಾರ ಭಾಸ್ಕರನಿಗೆ ತಲೆನೋವು, ಸಿಡುಕು. ಹೊನ್ನಾವರದ ದಾರಿಯಲ್ಲಿ ಪ್ಯಾಸೆಂಜರ್ ಹೆಂಗಸಿನ ಸಂಗಡ ಜಗಳ ಮಾಡಿಕೊಂಡು ಬಂದ. ರಾತ್ರಿಯ ಊಟಕ್ಕೆ ಧನ್ಯಾ ಅನ್ನ ಕಲಸುವಾಗ ಅವನ ಕಣ್ಣು ಅವಳ ಬೆರಳಿನ ಹಿಂದೆಯೇ ಹೋಗುವುದನ್ನು ಮಾಲತಿ ನೋಡಿ ಮಗಳಿಗೆ ಆಚೆ ತಿರುಗಿ ಕೂರಲು ಕಣ್ಸನ್ನೆ ಮಾಡಿದಳು. ಹುಣ್ಣು ಕಂಡಾಗ ಡಾಕ್ಟರರು ಕೊಟ್ಟ ಸಕ್ಕರೆಯ ಮಾತ್ರೆ ಬಿಡುತ್ತೇನೆ ಅಂತ ಒಂದು ದಿನ ಅವನು ಹಟ ಹಿಡಿದಾಗ ಧನ್ಯಾ ಬ್ಯಾಗು ತೆಗೆದು ಬಾಗಿಲಲ್ಲಿ ನಿಂತಳು. "ನೀನು ಮಾತ್ರೆ ಬಿಡು, ನಾನು ಮನೆ ಬಿಡ್ತೆ." ಅವನು ಮಾತ್ರೆ ನುಂಗಿದ. ಅವಳೇ ಡಾಕ್ಟರರ ಹತ್ತಿರ ಕರೆದೊಯ್ದಳು. ಅವರು ಒಂದು ಮಾತ್ರೆ ಕಡಿಮೆ ಮಾಡಿ, ವಾರಕ್ಕೊಮ್ಮೆ ರಕ್ತ ನೋಡಲು ಹೇಳಿ ಕಳಿಸಿದರು.

ಒಂದೂವರೆಯ ಫೋನು ಮಾತ್ರ ತಪ್ಪಲಿಲ್ಲ. ಕಾರ್ಖಾನೆಗೆ ರಜೆಯಿದ್ದ ಒಂದು ದಿನ ಮಾಲತಿ ಪಾತ್ರೆ ತಿಕ್ಕುತ್ತ ಕೇಳಿದಳು.

"ಉಂಡ್ಯನಾ ಮಗಾ?"

ಭಾಸ್ಕರನ ದನಿ ಜಗಲಿಯ ತುಂಬ ಕೇಳುತ್ತಿತ್ತು. "ಉಣ್ಲಿಲ್ಲ ಅವ್ವಿ, ತಿಂದೆ! ಕೋಳಿ ತಿಂದೆ. ಅನ್ನದ ಸುದ್ದಿಯೇ ಇಲ್ಲ!" ಅದರಲ್ಲಿ ಹೆಮ್ಮೆಯಿತ್ತು. ಚಿಲ್ಲರೆ ಮರೆತು ಇಳಿದವರನ್ನು ಕೂಗಿ ಕರೆದು ಕೊಡುವ ಮನುಷ್ಯ ಅವನು, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಆತು," ಅಂದಳು ಗಂಗಿ.

ಮಾಲತಿಗೆ ಆಗ ಅದರಲ್ಲಿ ಎಂತದೂ ಕೇಳಿಸಲಿಲ್ಲ.

ಮೂರನೇ ವಾರದ ಕೊನೆಗೆ ಚೀಟಿ ಬಂತು. ನೂರ ಮೂವತ್ತೆಂಟು. ಧನ್ಯಾ ತಾನೇ ಎರಡು ಸಲ ಮೆಶಿನ್ನಿಗೆ ಹಾಕಿ ನೋಡಿದ್ದಳಂತೆ. "ತಪ್ಪಿಲ್ಲ ಅಪ್ಪ," ಅಂದಳು. ಮಾಲತಿ ಬಿಸಿನೀರಿನ ಬೋಗುಣಿ ತಂದು ಗಂಡನ ಕಾಲು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬಿಚ್ಚಿದಳು. ದಿನಕ್ಕೆರಡು ಸಲ ಅವಳು ಮಾಡುವ ಕೆಲಸ ಅದು. ಹುಣ್ಣಿನ ಅಂಚಿನಲ್ಲಿ ಎಳೆಗೂಸಿನ ಅಂಗೈಯ ಬಣ್ಣದ ಹೊಸ ಚರ್ಮ, ಹೊಳೆಯ ನೀರು ಇಳಿದು ದಂಡೆ ಕಾಣುವ ಹಾಗೆ, ಒಳಮುಖವಾಗಿ ಬರುತ್ತಿತ್ತು. ಐವತ್ತು ವರ್ಷದ ಕಾಲು, ಚರ್ಮಕ್ಕೆ ಮಾತ್ರ ಇವತ್ತಿನ ಪ್ರಾಯ. ಅವಳು ಬಟ್ಟೆ ಹಿಂಡುವುದನ್ನು ಮರೆತು ನೋಡಿದಳು.

ಪ್ರದೀಪ ಫೋನಿನಲ್ಲಿ ಕುಣಿದ. ಡಾಕ್ಟರರು ಚೀಟಿಯನ್ನೂ ಕಾಲನ್ನೂ ನೋಡಿ ಕನ್ನಡಕ ತೆಗೆದರು. "ಇಳಿದದ್ದು ಹೌದು, ಸಂತೋಷ. ಅನ್ನ ಕಾಲು ಭಾಗ ಮಾಡಿದ್ರೂ ಬಹಳಷ್ಟು ಇಳಿತಿತ್ತು. ವರ್ಷಗಟ್ಟಲೆ ಬರೀ ಮಾಂಸ ತಿಂದ್ರೆ ಎಂತ ಆಗ್ತದೆ ಅಂತ ಖಾತ್ರಿ ಹೇಳಲಿಕ್ಕೆ ನಂಗೂ ಗೊತ್ತಿಲ್ಲ, ಆ ವಿಡಿಯೋದವರಿಗೂ ಗೊತ್ತಿಲ್ಲ."

"ಅಷ್ಟಾದ್ರೂ ಸತ್ಯ ಹೇಳಿದ್ರು," ಅಂತ ಧನ್ಯಾ ಮನೆಗೆ ಬಂದು ಹೇಳಿದಳು. ಭಾಸ್ಕರನಿಗೆ ಕೇಳಿಸಿದ್ದು 'ಇಳಿದದ್ದು ಹೌದು' ಅಷ್ಟೇ. ಒಂದು ಅಗುಳೂ ಒಳಗೆ ಹೋಗಬಾರದು, ಹೋದರೆ ಮಾಡಿದ್ದೆಲ್ಲ ನೀರಿಗೆ ಹೋದ ಹಾಗೆ, ಅಂತ ಪ್ರದೀಪ ಹೇಳಿದ್ದನ್ನು ಅವನು ದೇವರ ಮುಂದಿನ ಮಾತಿನ ಹಾಗೆ ಇಟ್ಟುಕೊಂಡಿದ್ದ.

ಅದಾಗಿ ಹತ್ತು ದಿನಕ್ಕೆ, ಒಂದು ಬುಧವಾರ, ಕಾರ್ಖಾನೆಯಲ್ಲಿ ಕರೆಂಟು ಹೋಗಿ ಮಾಲತಿ ಮಧ್ಯಾಹ್ನವೇ ಮನೆಗೆ ಬಂದಳು. ಹಿಂದಿನ ಅಂಗಳದಲ್ಲಿ ಗಂಗಿ ನಿಂತಿದ್ದಳು. ಬೆಳಿಗ್ಗೆ ಮಾಲತಿ ಮುಚ್ಚಿಟ್ಟು ಹೋಗಿದ್ದ ಅನ್ನವನ್ನು ಹಿಡಿಹಿಡಿಯಾಗಿ ಕೋಳಿಗಳಿಗೆ ಹಾಕುತ್ತಿದ್ದಳು. ಕೈ ಎತ್ತಿದಾಗ ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಹೋಗಿ ನಿಂತವು. ಆ ಬಳೆಗಳನ್ನು ಹೋದ ಜಾತ್ರೆಗೆ ಸಾಬೂನು ಹಚ್ಚಿ ತೊಡಿಸಿದವಳು ಮಾಲತಿಯೇ.

"ಅತ್ತೆ, ಎಂತ ಮಾಡ್ತ್ರಿ? ನಿಮ್ಮ ಊಟ?"

ಗಂಗಿ ತಿರುಗಿದಳು. ಸಿಕ್ಕಿಬಿದ್ದವರ ಮುಖ ಅವಳದ್ದಾಗಿರಲಿಲ್ಲ. "ಅವ ಉಣ್ಲಿಲ್ಲ ಅಂದ."

ಮಾಲತಿ ಕರ್ಕಿ ಊರಿನವಳು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಒಂದು ಶಬ್ದ ಹಿಡಿದು ಬೆಳಗಿನ ತನಕ ಜಗ್ಗಾಡುವುದನ್ನು ಅಪ್ಪನ ತೊಡೆಯ ಮೇಲೆ ಕೂತು ಕೇಳಿ ದೊಡ್ಡವಳಾದವಳು. ಶಬ್ದ ಎಷ್ಟು ಭಾರ ಹೊರಬಲ್ಲದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ತಿಂಗಳಿಂದ ತನ್ನ ಕಿವಿ ಎಲ್ಲಿ ಹೋಗಿತ್ತು? ತಿಂದದ್ದು ತಿಂದದ್ದೇ, ಅದು ಉಂಡದ್ದಲ್ಲ. ಮೀನು ತಿನ್ನುತ್ತಾರೆ, ಹಣ್ಣು ತಿನ್ನುತ್ತಾರೆ. ಉಣ್ಣುವುದು ಅನ್ನವನ್ನು.

"ಎಷ್ಟು ದಿನ ಆತು ಅತ್ತೆ?"

"ಅವ ಬಿಟ್ಟಲ್ಲಿಂದ. ಮೂವತ್ತೊಂದು. ಚಾ ಕುಡಿತೆ, ಗೆಣಸು ಬೇಯಿಸ್ಕಂತೆ, ಕಾಯಿ ಚೂರು ಬಾಯಿಗೆ ಹಾಕ್ತೆ. ಸಾಯುದಿಲ್ಲ, ಹೆದರ್ಬೇಡ."

ರಾತ್ರಿ 'ಮಧ್ಯಾಹ್ನದ್ದೇ ಭಾರ ಆತು, ಚಾ ಸಾಕು', ರಜೆಯ ದಿನ 'ನೀ ಉಣ್ಣು, ನಾ ಆಮೇಲೆ ಉಣ್ತೆ' ಅಂದದ್ದನ್ನೆಲ್ಲ ಮಾಲತಿ ನಂಬಿದ್ದಳು. ಮುದುಕರ ಹೊಟ್ಟೆ ಅಂತ ತಿಳಿದಿದ್ದಳು.

ಒಳಗೆ ಬಂದು ಕೂತ ಮೇಲೆ ಗಂಗಿ ಹೇಳಿದಳು, ನೆರೆಮನೆಯ ಸುದ್ದಿ ಹೇಳುವವರ ಹಾಗೆ. ಭಾಸ್ಕರನಿಗೆ ನಾಲ್ಕು ವರ್ಷ. ಸನ್ನಿಜ್ವರ. ಹನ್ನೊಂದು ದಿನ ಬಾಯಿಗೆ ಅಗುಳು ಮುಟ್ಟಲಿಲ್ಲ. ಕುಮಟೆಯ ಡಾಕ್ಟರರು ಕೈಚೆಲ್ಲಿದರು. ಗಂಗಿ ಗಜನಿ ದಂಡೆಯ ಜಟಗ ದೇವರ ಕಲ್ಲಿನ ಮುಂದೆ ಕೂತು ಹೇಳಿದಳಂತೆ: ಇವ ಉಣ್ಲಿ. ಇವ ಉಂಡ ದಿನ ನಾ ಉಣ್ತೆ, ಉಣ್ಣದ ದಿನ ನಂಗೂ ಬೇಡ, ನನ್ನ ಜೀವ ಇರುವಷ್ಟು ದಿನ. ಹನ್ನೆರಡನೇ ದಿನ ಬೆಳಿಗ್ಗೆ ಹುಡುಗ ಕಣ್ಣು ಬಿಟ್ಟು ಗಂಜಿ ಕೇಳಿದ.

"ಅವಂಗೆ ಹೇಳ್ಬೇಡ," ಅಂದಳು. "ಅವಂಗೆ ಕಾಲಿನ ಹೆದರಿಕೆಯೇ ಸಾಕಷ್ಟು ಉಂಟು."

ಮಾಲತಿ ಸಂಜೆಯೇ ಹೇಳಿದಳು.

ಭಾಸ್ಕರ ಮೊದಲು ಕೂಗಾಡಿದ. "ಹುಚ್ಚಾ ಅವ್ವಿ ನಿಂಗೆ? ನಾನು ಬದುಕ್ಲಿ ಅಂತ ತಿಂದ್ರೆ ನೀನು ಸಾಯ್ಲಿಕ್ಕೆ ಕೂತ್ಯಾ?"

"ಯಾರು ಕೂತ್ರು? ಬೆಳಿಗ್ಗೆ ಗದ್ದೆಗೆ ಹೋಗಿ ಬಂದೆ."

"ನಲವತ್ತಾರು ವರ್ಷದ ಹಿಂದಿನ ಮಾತು! ಜಟಗಂಗೆ ಮರ್ತೂ ಹೋಗಿರ್ತದೆ."

"ನಂಗೆ ಮರ್ತು ಹೋಗ್ಲಿಲ್ಲಲ್ಲ."

ಧನ್ಯಾ ಅಜ್ಜಿಯ ಬೆರಳಿಗೆ ಸೂಜಿ ಚುಚ್ಚಿದಳು. ಮೆಶಿನ್ನು ತೋರಿಸಿದ್ದನ್ನು ಅವಳು ಗಟ್ಟಿಯಾಗಿ ಓದಲಿಲ್ಲ, ಅಮ್ಮನ ಕಡೆ ತಿರುಗಿಸಿದಳು. ಐವತ್ತೆಂಟು. ಒಂದೇ ಮನೆ, ಒಂದೇ ಮೆಶಿನ್ನು. ಮಗನದ್ದು ಮುನ್ನೂರು ದಾಟಿತ್ತು, ತಾಯಿಯದ್ದು ಅರವತ್ತಕ್ಕೂ ಕೆಳಗೆ ಇಳಿದಿತ್ತು.

"ಅಪ್ಪ," ಧನ್ಯಾ ಹಿತ್ತಲಿಗೆ ಕರೆದು ಪಿಸುಗುಟ್ಟಿದಳು, "ನಾಳೆ ಫೋನ್ ಬಂದಾಗ 'ಉಂಡೆ' ಅಂದ್ಬಿಡು. ಒಂದು ಶಬ್ದ. ಯಾರ ಗಂಟು ಹೋಗ್ತದೆ?"

ಮರುದಿನ ಮಾಲತಿ ಕೆಲಸಕ್ಕೆ ಹೋಗದೆ ಜಗಲಿಯಲ್ಲೇ ಅಕ್ಕಿ ಆರಿಸುತ್ತ ಕೂತಳು. ಒಂದೂವರೆ.

"ಉಂಡ್ಯನಾ ಮಗಾ?"

"ಉಂಡೆ ಅವ್ವಿ."

ಗಂಗಿ 'ಆತು' ಅನ್ನಲಿಲ್ಲ. "ಎಂತ ಪದಾರ್ಥ?"

"ಅದು... ಬಂಗಡೆ... ಸಾರು... ಅಲ್ಲ, ಪಲ್ಯ."

"ಯಾರ ಅಂಗಡಿಯಲ್ಲಿ?"

ಆ ಕಡೆ ಟೆಂಪೋಗಳ ಹಾರ್ನ್ ಮಾತ್ರ ಕೇಳಿತು. ಗಂಗಿ ಮೊಬೈಲನ್ನು ಗೂಡಿಗಿಟ್ಟು ಸೊಸೆಯ ಕಡೆ ನೋಡಿ ನಕ್ಕಳು. "ಸುಳ್ಳು ಹೇಳುಕೂ ಬರುದಿಲ್ಲ ಇವಂಗೆ. ಅಪ್ಪನ ಹಾಂಗೇ." ನಗು ನಗುತ್ತ ಏಳಲು ಹೋದವಳು ಕಂಬ ಹಿಡಿದುಕೊಂಡು ಅಲ್ಲೇ ನಿಂತಳು, ಕಣ್ಣು ಮುಚ್ಚಿ. ಮಾಲತಿ ಮೊರ ಬಿಟ್ಟು ಓಡಿಬಂದು ಹಿಡಿದಾಗ ತೋಳಿಗೆ ಬಂದ ಭಾರ, ಒಣಗಿದ ಒಂದು ಹೊರೆ ಹುಲ್ಲಿನಷ್ಟೂ ಇರಲಿಲ್ಲ.

ಅವಳು ಗಂಡನಿಗೆ ಫೋನು ಮಾಡಿ ಎರಡೇ ಮಾತು ಹೇಳಿದಳು. "ಬನ್ನಿ. ಈಗಲೇ."

ಭಾಸ್ಕರ ಟೆಂಪೋವನ್ನು ಇನ್ನೊಬ್ಬ ಡ್ರೈವರ್ ಮಂಜನಿಗೆ ಒಪ್ಪಿಸಿ ಅವನ ಬೈಕಿನಲ್ಲಿ ಬಂದ. ಧನ್ಯಾಳೂ ಲ್ಯಾಬಿನಿಂದ ಓಡಿಬಂದಿದ್ದಳು. ಗಂಗಿ ಗೋಡೆಗೊರಗಿ ಕೂತು ಅವಳು ಕೊಟ್ಟ ಬೆಲ್ಲದ ನೀರು ಕುಡಿಯುತ್ತಿದ್ದಳು. ಭಾಸ್ಕರ ಮಾತಿಲ್ಲದೆ ಕೈಕಾಲು ತೊಳೆದು ಬಂದು ನೆಲದ ಮೇಲೆ ಕೂತ.

"ಅನ್ನ ಹಾಕು ಮಾಲತಿ."

ಮಾಲತಿ ತಟ್ಟೆಗೆ ಕಗ್ಗದ ಅನ್ನ ಬಡಿಸಿದಳು, ಮಗ್ಗುಲಲ್ಲಿ ಮೀನು ಸಾರು. ಕೆಂಪು ಅನ್ನದಿಂದ ಹಬೆ ಏಳುತ್ತಿತ್ತು. ಭಾಸ್ಕರ ಕೈ ಚಾಚಿದ. ಚಾಚಿದ ಕೈ ಅನ್ನದ ಮೇಲೆ ಗೇಣುದ್ದ ಎತ್ತರದಲ್ಲಿ ನಿಂತುಬಿಟ್ಟಿತು. ಹೊನ್ನಾವರದ ಸೇತುವೆಯ ಮೇಲೆ ಎದುರಿಗೆ ಲಾರಿ ನುಗ್ಗಿದರೂ ಹಿಂಜರಿಯದ ಕೈ ಅದು. ಅವನ ಇನ್ನೊಂದು ಕೈ ತನಗೇ ಗೊತ್ತಿಲ್ಲದೆ ಎಡಗಾಲಿನ ಪಾದವನ್ನು ಗಟ್ಟಿ ಹಿಡಿದುಕೊಂಡಿತ್ತು.

"ಎಷ್ಟು ಉಣ್ಬೇಕು ಅವ್ವಿ?" ಸಣ್ಣ ದನಿಯಲ್ಲಿ ಕೇಳಿದ.

ಗಂಗಿ ಮೆಲ್ಲಗೆ ಮುಂದೆ ಸರಿದಳು. ತಟ್ಟೆಯಿಂದ ಒಂದು ಅಗುಳು ತೆಗೆದು, ಮಗನ ಅಂಗೈ ಬಿಡಿಸಿ, ಅದರ ನಡುವೆ ಇಟ್ಟಳು.

"ಇಷ್ಟು."

"ಇಷ್ಟೇನಾ?"

"ಜಟಗ ಸೇರು ಹಿಡ್ಕಂಡು ಕೂತಿದ್ನಾ? ಬಾಯಿಗೆ ಅನ್ನ ಮುಟ್ಟಿದ್ರೆ ಉಂಡ ಹಾಂಗೆ."

ಧನ್ಯಾ ತಲೆಗೆ ಕೈ ಹಚ್ಚಿದಳು. "ಅಜ್ಜಿ! ಒಂದು ಅಗುಳು ಸಾಕಿತ್ತಾ? ಮತ್ತೆ ಮೂವತ್ತೆರಡು ದಿನ ಬಾಯಿ ಮುಚ್ಚಿ ಕೂತ್ಯಲ್ಲ, ಮೊದಲ ದಿನವೇ ಹೇಳುಕಾಗಿತ್ತಲ್ಲ!"

"ಹೇಳುಕಾಗಿತ್ತು," ಅಂದಳು ಗಂಗಿ. "ಆದ್ರೆ ಅವ ಹೆದರಿದ್ದ. ಅಗುಳು ಸಣ್ಣದು, ಹೆದರಿಕೆ ಸಣ್ಣದಾ? ಅಪ್ಪನ್ನ ಬೆನ್ನ ಮೇಲೆ ಹೊತ್ತವ ಅವ. ಅವನ ಕಾಲು ಹಸಿ ಇರುವಾಗ ಇದನ್ನ ಅವನ ಬಾಯಿಗೆ ತುರುಕಿ, ನಾಳೆ ಹುಣ್ಣು ಹೆಚ್ಚಾತು ಅಂದ್ರೆ, ಅವ ಜನ್ಮ ಪೂರ್ತಿ ಎಂತ ತಿಳ್ಕಂತಿದ್ದ? ಅವ್ವಿ ಅನ್ನದಿಂದ ಕಾಲು ಹೋತು ಅಂತ. ನಂಗೆ ಹಸಿವು ಗೊತ್ತುಂಟು. ಅದು ಬೇಡ ಅಂದ್ಕಂಡೆ."

ಮಾಲತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಿನ್ನೆ ಬೆಳಿಗ್ಗೆ ಅವಳು ಪಟ್ಟಿ ಬಿಚ್ಚಿದಾಗ ಹುಣ್ಣು ಮುಚ್ಚಿತ್ತು. ಬೆಳ್ಳಗೆ ಒಂದು ಕಲೆ ಮಾತ್ರ ಉಳಿದಿತ್ತು. ಮಾಂಸದಿಂದ ಅಂತ ಪ್ರದೀಪ ಹೇಳಿಯಾಗಿತ್ತು, ಮಾತ್ರೆಯಿಂದ ಅಂತ ಧನ್ಯಾ. ಎರಡು ಹೊತ್ತು ತೊಳೆದು ಕಟ್ಟಿದ ಕೈಗಳ ಹೆಸರನ್ನು ಯಾರೂ ಹೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಈ ಮುದುಕಿ ಹಿತ್ತಲಲ್ಲಿ ಕೋಳಿಗಳಿಗೆ ಚೆಲ್ಲಿದ ಹಿಡಿಹಿಡಿ ಅನ್ನ ಯಾವ ಚೀಟಿಯಲ್ಲಿ ಬರುತ್ತದೆ? ಯಾವುದರಿಂದ ವಾಸಿಯಾಯಿತು ಅಂತ ಇನ್ನು ಯಾರಾದರೂ ಕೇಳಿದರೆ, ಗೊತ್ತಿಲ್ಲ ಅಂತಲೇ ಹೇಳಬೇಕು.

ಭಾಸ್ಕರ ಅಂಗೈಯನ್ನು ಬಾಯಿಗೆ ತಂದ. ಒಂದು ಅಗುಳನ್ನು ಅಷ್ಟು ಹೊತ್ತು ಜಗಿಯಬಹುದು ಅಂತ ಮಾಲತಿಗೆ ಗೊತ್ತಿರಲಿಲ್ಲ. ಕೊನೆಗೆ ನುಂಗಿದ. ಕಣ್ಣಿನಿಂದ ನೀರು ಗಡ್ಡಕ್ಕೆ ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

"ಉಂಡೆ ಅವ್ವಿ," ಅಂದ.

"ಆತು."

ಗಂಗಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಅನ್ನಕ್ಕೆ ಒಮ್ಮೆ ಕೈ ಮುಗಿದಳು, ಸಾರು ಕಲಸಿದಳು, ಮೊದಲ ತುತ್ತು ಎತ್ತಿದಳು. ಅವಸರವಿಲ್ಲ. ಮೂವತ್ತೆರಡು ದಿನ ಹಸಿದ ಹೆಂಗಸು, ದಿನಾ ಇಷ್ಟೇ ಹೊತ್ತಿಗೆ ಉಣ್ಣುತ್ತಿದ್ದವಳ ಹಾಗೆ ಉಂಡಳು. ಎರಡನೇ ತುತ್ತು. ಮೂರನೇ ತುತ್ತು. ಮೂವರೂ ನೋಡುತ್ತಿದ್ದರು. ಬಳೆ ಜಾರುತ್ತಿತ್ತು, ಅವಳು ಅದನ್ನು ಎಡಗೈಯಿಂದ ಮೇಲೇರಿಸಿ ಮತ್ತೆ ಕಲಸುತ್ತಿದ್ದಳು.

ನಾಲ್ಕನೇ ತುತ್ತಿಗೆ ತಲೆಯೆತ್ತಿ ಸೊಸೆಯನ್ನು ನೋಡಿದಳು.

"ಸಾರಿಗೆ ಉಪ್ಪು ಕಮ್ಮಿ ಆತಲ್ಲೇ ಮಾಲತಿ."

"ತಂದೆ ಅತ್ತೆ," ಅಂತ ಮಾಲತಿ ಒಳಗೆ ಓಡಿದಳು. ಒಲೆಯ ಮಗ್ಗುಲಿಗೆ ಬಂದು ನಿಂತವಳಿಗೆ, ತಾನು ಎಂತ ತರಲು ಬಂದೆ ಅನ್ನುವುದೇ ಬಹಳ ಹೊತ್ತು ನೆನಪಿಗೆ ಬರಲಿಲ್ಲ.